ಬ್ಯಾಕ್‌ಗ್ಯಾಮನ್: ಪಳಗಿದ ಕೈಯ ಎದುರು ಕುಳಿತು ಕಲಿಯುವ ಬಗೆ

ಮುಂಬಯಿಯ ಮಾಟುಂಗಾದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯ ಗ್ಯಾಲರಿಯಲ್ಲಿ ಮೊದಲ ಎರಡು ತಿಂಗಳು ನಾನು ಸೋತ ಬ್ಯಾಕ್‌ಗ್ಯಾಮನ್ ಆಟಗಳು ಎಪ್ಪತ್ತು ದಾಟಿದ್ದವು. ಎರಡು ದಾಳ ಹಾಕಿ, ತನ್ನ ಕಾಯಿಗಳನ್ನೆಲ್ಲ ಎದುರಾಳಿಗಿಂತ ಮೊದಲು ಹಾಸಿನಿಂದ ಹೊರಗೆ ತೆಗೆಯಬೇಕಾದ ಇಬ್ಬರ ಆಟ ಇದು. ಎದುರಿಗಿದ್ದವರು ಸರಕು ಹಡಗುಗಳಲ್ಲಿ ದುಡಿದು ನಿವೃತ್ತರಾದ ಉಡುಪಿ ಕಡೆಯ ಹಿರಿಯರು. ಕಟ್ಟಡದ ಕನ್ನಡಿಗರೆಲ್ಲ ಅವರನ್ನು ‘ಹಡಗಿನ ಮಾಮ’ ಎನ್ನುತ್ತಾರೆ. ಎಪ್ಪತ್ತು ಸೋಲಿನ ಕೊನೆಗೆ ನಾನು ತಿಳಿದುಕೊಂಡದ್ದು ಒಂದೇ: ಮಾಮ ಚೆನ್ನಾಗಿ ಆಡುತ್ತಾರೆ.

ಆಮೇಲೆ ಈ ಆಟಕ್ಕೆ ಬಿದ್ದ ಡೊಂಬಿವಲಿ, ಮುಲುಂಡ್, ಚೆಂಬೂರಿನ ಗೆಳೆಯರದೂ ಇದೇ ದೂರು. ನಿಯಮ ಗೊತ್ತು, ಅನುಭವಿಗಳು ಸಿಕ್ಕಿದ್ದಾರೆ, ವಾರವಾರ ಆಟವೂ ನಡೆಯುತ್ತದೆ. ಕಲಿಕೆ ಮಾತ್ರ ನಿಂತಲ್ಲೇ ನಿಂತಿದೆ. ಇದಕ್ಕೆ ಕಾರಣ ಕಲಿಯುವ ಕ್ರಮ ತಲೆಕೆಳಗಾಗಿರುವುದು. ಹಿರಿಯರ ಎದುರು ಆಟದ ಮೇಲೆ ಆಟ ಆಡಿದರೆ ವಿದ್ಯೆ ತಾನಾಗಿ ಅಂಟಿಕೊಳ್ಳುತ್ತದೆ ಎಂದು ನಂಬಿದ್ದೇವೆ. ದಾಳ ಬಿದ್ದ ಮೇಲೆ, ಕಾಯಿ ಮುಟ್ಟುವ ಮೊದಲು, ನಿಮ್ಮ ನಡೆಯನ್ನೂ ಅದರ ಕಾರಣವನ್ನೂ ಬಾಯಿಬಿಟ್ಟು ಹೇಳದೆ ಹೋದರೆ ಎದುರಿನವರಿಗೆ ತಿದ್ದಲು ಏನೂ ಸಿಗುವುದಿಲ್ಲ. ಕೆಳಗೆ ಬರೆದಿರುವ ಹಂತಗಳೆಲ್ಲ ಈ ಮಾತಿಗೆ ಸಿದ್ಧತೆ ಅಥವಾ ಇದರ ಮುಂದುವರಿಕೆ.

ಮೊದಲು ಪದಗಳು

ನಿಯಮ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಪದಗಳನ್ನು ಮಾತ್ರ ಹೊಂದಿಸಿಕೊಳ್ಳೋಣ. ಹಾಸಿನಲ್ಲಿ 24 ಮನೆ, ತಲಾ 15 ಕಾಯಿ. ಮನೆಗಳನ್ನು ನಿಮ್ಮ ಕಡೆಯಿಂದ ಎಣಿಸಿ: ನಿಮ್ಮ ಒಳಂಗಳದ (ಕಾಯಿಗಳು ಕೊನೆಗೆ ಬಂದು ಸೇರುವ ಆರು ಮನೆಗಳ) ತುದಿ 1, ಎದುರಾಳಿಯ ಒಳಂಗಳದ ತುದಿ 24. ಆಟ ಶುರುವಾದಾಗ ನಿಮ್ಮ ಕಾಯಿಗಳು 24ರಲ್ಲಿ ಎರಡು, 13ರಲ್ಲಿ ಐದು, 8ರಲ್ಲಿ ಮೂರು, 6ರಲ್ಲಿ ಐದು ಇರುತ್ತವೆ. ಒಂದು ಮನೆಯಲ್ಲಿ ಎರಡು ಅಥವಾ ಹೆಚ್ಚು ಕಾಯಿ ಇದ್ದರೆ ಗಟ್ಟಿ, ಒಂದೇ ಇದ್ದರೆ ಒಂಟಿ. ಒತ್ತೊತ್ತಾಗಿ ಸಾಲುಗಟ್ಟಿದ ಗಟ್ಟಿಗಳು ಗೋಡೆ. ಎದುರಾಳಿಯ ಒಳಂಗಳದಲ್ಲಿ ನೀವು ಹಿಡಿದ ಗಟ್ಟಿಗೆ ಲಂಗರು ಎನ್ನೋಣ. ಹಡಗಿನವರ ಬಾಯಲ್ಲಿ ಬೇರೆ ಹೆಸರು ಹೇಗೆ ಬಂದೀತು? ಪೆಟ್ಟು ತಿಂದ ಕಾಯಿ ಹೋಗಿ ಕುಳಿತುಕೊಳ್ಳುವ ನಡುಪಟ್ಟಿ ಬಾರ್. ಕಾಯಿಯನ್ನು ಹಾಸಿನಿಂದ ಹೊರಗೆ ತೆಗೆಯುವುದಕ್ಕೆ ನಮ್ಮದೇ ಮಾತಿದೆ, ಹಣ್ಣು ಮಾಡುವುದು.

ಚೌಕಾಬಾರ ಆಡಿ ಬೆಳೆದವರು ಎರಡು ಅಭ್ಯಾಸಗಳನ್ನು ಬಾಗಿಲಲ್ಲೇ ಬಿಟ್ಟು ಬರಬೇಕು. ಇಲ್ಲಿ ಕಟ್ಟೆ ಇಲ್ಲ. ಯಾವ ಮನೆಯೂ ತಾನಾಗಿ ಕಾಯಿಯನ್ನು ಕಾಯುವುದಿಲ್ಲ, ಜೊತೆಗಾರ ಕಾಯಿಯೇ ಕಾಯಬೇಕು. ಕಡಿದವರಿಗೆ ಇನ್ನೊಂದು ಗರವೂ ಇಲ್ಲ. ಆದ್ದರಿಂದ ಸಿಕ್ಕಿದ್ದನ್ನೆಲ್ಲ ಕಡಿಯುವ ಚಪಲ ಇಲ್ಲಿ ದುಬಾರಿಯಾಗುತ್ತದೆ.

ಹಂತ 1: ಯಾರ ಬಳಿ ಕಲಿಯಬೇಕು, ಯಾವ ಕರಾರಿನ ಮೇಲೆ

ಮುಂಬಯಿಯಲ್ಲಿ ಈ ಆಟ ಬಲ್ಲವರು ಹೆಚ್ಚಾಗಿ ಹಡಗಿನಲ್ಲಿ ದುಡಿದವರು, ಕೊಲ್ಲಿ ದೇಶಗಳಿಂದ ಮರಳಿದವರು, ಇಲ್ಲವೇ ಕಂಪ್ಯೂಟರಿನಲ್ಲಿ ಕಲಿತ ಹುಡುಗರು. ಎಲ್ಲರೂ ಒಂದೇ ಆಟ ಆಡುತ್ತಾರೆಂದು ಭಾವಿಸಬೇಡಿ. ಟರ್ಕಿಯ ಚಹಾದಂಗಡಿಗಳ ತವ್ಲಾದಲ್ಲಿ ಪಣ ಏರಿಸುವ ದಾಳ (ಆಟದ ಪಣ ಎಷ್ಟು ಪಟ್ಟಾಗಿದೆ ಎಂದು ತೋರಿಸುವ ದಾಳ) ಬಳಸುವ ರೂಢಿಯಿಲ್ಲ. ಗ್ರೀಸಿನ ಪ್ಲಾಕೊತೊದಲ್ಲಿ ಒಂಟಿಯನ್ನು ಕಡಿಯುವ ಬದಲು ಅದರ ಮೇಲೆ ಕುಳಿತು ಅದುಮಿ ಹಿಡಿಯುತ್ತಾರೆ. ಫೆವ್ಗಾದಲ್ಲಂತೂ ಒಂದೇ ಕಾಯಿ ಮನೆಯನ್ನು ಮುಚ್ಚಿಬಿಡುತ್ತದೆ, ಕಡಿಯುವ ಮಾತೇ ಇಲ್ಲ. ಹೀಗಾಗಿ ಮೊದಲ ದಿನವೇ ಯಾವ ಆಟ ಎಂದು ಕೇಳಿಕೊಳ್ಳಿ. ಕೇಳದೆ ಮೂರು ವಾರ ಗೊಂದಲದಲ್ಲಿ ಕಳೆದವರನ್ನು ಬಲ್ಲೆ.

ಗುರುವಾಗಬಲ್ಲವರೇ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: “ಮೊದಲ ಗರ 3-1 ಬಿದ್ದರೆ ಏನು ಆಡುತ್ತೀರಿ, ಏಕೆ?” 8ರಿಂದ ಒಂದು, 6ರಿಂದ ಒಂದು ತಂದು 5ನೇ ಮನೆ ಗಟ್ಟಿ ಮಾಡುತ್ತೇನೆ ಎಂಬುದು ಉತ್ತರ. ಅದನ್ನು ಹೇಳಿ, ಕಾರಣವನ್ನೂ ವಿವರಿಸಿದರೆ ಅವರನ್ನು ಬಿಡಬೇಡಿ. ಉತ್ತರ ಸರಿಯಾಗಿದ್ದು “ಹಾಗೇ ಆಡುವುದು, ಅಷ್ಟೇ” ಎಂದರೆ ಅವರು ಒಳ್ಳೆಯ ಆಟಗಾರರು, ಆದರೆ ಕಲಿಸುವುದು ಅವರಿಂದ ಆಗದು.

ಕರಾರು ಮೊದಲೇ ಆಗಲಿ. ಒಂದು ಕೂಟ ಒಂದೂವರೆ ಗಂಟೆ. ಅದರಲ್ಲಿ ಅರ್ಧ ಮಾತು, ಅರ್ಧ ಆಟ. ದುಡ್ಡು ಬೇಡವೇ ಬೇಡ. 1887ರ ಜೂಜು ತಡೆ ಕಾಯ್ದೆ ಮಹಾರಾಷ್ಟ್ರದಲ್ಲಿ ಇಂದಿಗೂ ಇದೆ ಎಂಬುದು ಒಂದು ಕಾರಣ. ಹತ್ತು ರೂಪಾಯಿ ಪಣವಿದ್ದರೂ ಎದುರಿನವರ ಬಾಯಿ ಕಟ್ಟಿಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಗೆಲ್ಲಬೇಕಾದವರು ಗುಟ್ಟು ಹೇಳುವುದಿಲ್ಲ.

ಮಧ್ಯ ರೈಲ್ವೆಯ ಹಾದಿಯಲ್ಲಿರುವವರು ಶನಿವಾರ ಸಂಜೆ ಇಟ್ಟುಕೊಳ್ಳಿ. ಭಾನುವಾರ ಮಾಟುಂಗಾ–ಮುಲುಂಡ್ ನಡುವೆ ಹಳಿ ದುರಸ್ತಿಯ ಮೆಗಾಬ್ಲಾಕ್ ಬಿದ್ದರೆ ಅರ್ಧ ಕೂಟ ಪ್ಲಾಟ್‌ಫಾರಂ ಮೇಲೆಯೇ ಮುಗಿಯುತ್ತದೆ. ನನ್ನ ನಾಲ್ಕು ಭಾನುವಾರಗಳು ಹಾಗೆ ಹೋಗಿವೆ.

ಹಂತ 2: ಬೇಕಾಗುವ ಸಾಮಾನು

ಹಾಸು ಕೊಳ್ಳಲು ಮನಸ್ಸಿಲ್ಲದಿದ್ದರೆ ದಪ್ಪ ರಟ್ಟಿನ ಮೇಲೆ 24 ತ್ರಿಕೋನ ಗೀಚಿಕೊಳ್ಳಿ. ಕಾಯಿಗೆ ಕೇರಂ ಬಿಲ್ಲೆ ಆಗುತ್ತದೆ, ಆದರೆ ಒಂದು ಸೆಟ್ಟಿನಲ್ಲಿ ಕಪ್ಪು ಒಂಬತ್ತು, ಬಿಳಿ ಒಂಬತ್ತು ಮಾತ್ರ ಇರುವುದರಿಂದ ಎರಡು ಸೆಟ್ ಬೇಕು. ತಲಾ ಎರಡು ದಾಳ. ದಾಳವನ್ನು ಲೋಟದಲ್ಲಿ ಕುಲುಕಿ ಹಾಸಿನೊಳಗೇ ಹಾಕಿ. ಕೈಯಿಂದ ಜಾರಿಸುವ ಅಭ್ಯಾಸ ಬೇಡ. ಪಣ ಏರಿಸುವ ದಾಳ ಸಿಗದಿದ್ದರೆ 2, 4, 8, 16, 32, 64 ಎಂದು ಬರೆದ ಆರು ಚೀಟಿಗಳು ಸಾಕು.

ನೂರು ಪುಟದ ಒಂದು ನೋಟ್‌ಬುಕ್. ಫೋಟೊ ತೆಗೆಯಲು ಮೊಬೈಲ್. ಫೋಟೊವನ್ನು ಯಾವಾಗಲೂ ನಿಮ್ಮ ಕುರ್ಚಿಯ ಕಡೆಯಿಂದಲೇ ತೆಗೆಯಿರಿ. ಒಮ್ಮೆ ಅಲ್ಲಿಂದ, ಒಮ್ಮೆ ಇಲ್ಲಿಂದ ತೆಗೆದ ಫೋಟೊಗಳನ್ನು ತಿಂಗಳ ನಂತರ ನೋಡಿದರೆ ಯಾರ ಕಾಯಿ ಯಾವ ಕಡೆ ಓಡುತ್ತಿತ್ತು ಎಂಬುದೇ ಅರ್ಥವಾಗುವುದಿಲ್ಲ.

ಹಂತ 3: ಮೂವತ್ತಾರರ ಮಗ್ಗಿ

ಮೊದಲ ಕೂಟಕ್ಕೆ ಹೋಗುವ ಮೊದಲೇ ಮನೆಯಲ್ಲಿ ಮಾಡಬೇಕಾದ ಕೆಲಸ ಇದು. ಹೆಚ್ಚಿನವರು ಇದನ್ನು ಹಾರಿಸುತ್ತಾರೆ. ಆಮೇಲೆ ಹಿರಿಯರು ಹೇಳುವ ಮಾತಿನಲ್ಲಿ ಅರ್ಧ ಕಿವಿಗೇ ಹೋಗುವುದಿಲ್ಲ, ಏಕೆಂದರೆ ಅವರ ಭಾಷೆಯೇ ಈ ಲೆಕ್ಕ.

ಎರಡು ದಾಳ ಸೇರಿ 36 ಬಗೆಯಲ್ಲಿ ಬೀಳಬಹುದು. 6-1 ಮತ್ತು 1-6 ಎರಡು ಬಗೆ, 4-4 ಒಂದೇ ಬಗೆ. ನಿಮ್ಮ ಒಂಟಿ ಕಾಯಿ ಎದುರಾಳಿಯ ಕಾಯಿಯಿಂದ ಎಷ್ಟು ಮನೆ ದೂರದಲ್ಲಿದ್ದರೆ 36ರಲ್ಲಿ ಎಷ್ಟು ಗರಗಳಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ:

1 ಮನೆ ದೂರ – 11
2 ಮನೆ – 12
3 ಮನೆ – 14
4 ಮನೆ – 15
5 ಮನೆ – 15
6 ಮನೆ – 17
7 ಮನೆ – 6
8 ಮನೆ – 6
9 ಮನೆ – 5
10 ಮನೆ – 3
11 ಮನೆ – 2
12 ಮನೆ – 3

ಆರಕ್ಕೂ ಏಳಕ್ಕೂ ನಡುವೆ ಇರುವ ಕಂದಕವನ್ನು ನೋಡಿ. ಆರರವರೆಗೆ ಒಂದೇ ದಾಳದಿಂದ ಪೆಟ್ಟು ಬೀಳಬಹುದು. ಏಳರಿಂದಾಚೆ ಎರಡೂ ದಾಳಗಳು ಕೂಡಿ ಬರಬೇಕು. ಹೀಗಾಗಿ ಒಂಟಿಯನ್ನು ಬಿಡಲೇಬೇಕಾದರೆ ಆರು ದಾಟಿ ಬಿಡಿ. ಆಗದಿದ್ದರೆ ಮೂಗಿನ ಕೆಳಗೇ ಬಿಡಿ. ಹೊಸಬರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ; ನಾಲ್ಕೈದು ಮನೆ ದೂರ ಸರಿದರೆ ಸುರಕ್ಷಿತ ಎಂದು ಅವರಿಗೆ ಅನಿಸುತ್ತದೆ.

ಈ ಅಂಕಿಗಳು ದಾರಿ ತೆರೆದಿದ್ದಾಗಿನವು. ನಡುವೆ ನಿಮ್ಮ ಗಟ್ಟಿ ಇದ್ದರೆ ಅದರ ಮೇಲೆ ಕಾಲಿಟ್ಟು ಬರಬೇಕಾದ ಗರಗಳನ್ನು ಕಳೆಯಬೇಕು.

ಇನ್ನೊಂದು ಸಣ್ಣ ಪಟ್ಟಿ: ಬಾರ್‌ನಲ್ಲಿರುವ ಒಂದು ಕಾಯಿ ಒಳಗೆ ಬರುವ ಅವಕಾಶ. ಒಳಂಗಳದ ಎರಡು ಮನೆ ಮುಚ್ಚಿದ್ದರೆ 36ಕ್ಕೆ 32, ಮೂರು ಮುಚ್ಚಿದ್ದರೆ 27, ನಾಲ್ಕಾದರೆ 20, ಐದಾದರೆ 11. ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ ಹೋಗುವಾಗ ಕುಸಿತ ಎಷ್ಟೆಂದು ಗಮನಿಸಿ. ಯಾವಾಗ ಕಡಿಯಬೇಕು, ಯಾವಾಗ ಬಿಡಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಅಭ್ಯಾಸಕ್ಕೆ ಲೋಕಲ್ ರೈಲಿನ ಪ್ರಯಾಣ ಸಾಕು. ಡೊಂಬಿವಲಿಯಿಂದ ದಾದರ್ ಬರುವಷ್ಟರಲ್ಲಿ, ಸೀಟು ಸಿಗದಿದ್ದರೂ, ಮೊಬೈಲಿನಲ್ಲಿರುವ ಒಂದು ಫೋಟೊ ನೋಡಿ “ಈ ಒಂಟಿಗೆ ಎಷ್ಟು ಗರ?” ಎಂದು ಹತ್ತು ಸಲ ಕೇಳಿಕೊಳ್ಳಬಹುದು. ಎರಡು ವಾರದಲ್ಲಿ ಬೆರಳು ಮಡಿಸುವುದು ನಿಲ್ಲುತ್ತದೆ. ನಿಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ಮೊದಲ ಮೂರು ಕೂಟಗಳಲ್ಲಿ ಮೊದಲ ನಡೆ ಮಾತ್ರ

ಇಡೀ ಆಟ ಆಡಬೇಡಿ. ಕಾಯಿ ಜೋಡಿಸಿ, ಗರ ಹಾಕಿ, ಮೊದಲ ನಡೆ ಆಡಿ, ಮಾತನಾಡಿ, ಮತ್ತೆ ಜೋಡಿಸಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಮೊದಲ ನಡೆಯೊಂದೇ ಪ್ರತಿ ಆಟದಲ್ಲೂ ಒಂದೇ ಹಾಸಿನ ಮೇಲೆ ಬರುವುದು.

ಆಟ ಆರಂಭಿಸಲು ಇಬ್ಬರೂ ಒಂದೊಂದು ದಾಳ ಹಾಕುವುದರಿಂದ ಮೊದಲ ಗರ ಜೋಡಿ ಬೀಳುವುದಿಲ್ಲ. ಉಳಿಯುವುದು ಹದಿನೈದು ಗರ. ಅವುಗಳಲ್ಲಿ ಐದಕ್ಕೆ ಸಿದ್ಧ ಉತ್ತರವಿದೆ. 3-1 ಬಿದ್ದರೆ 5ನೇ ಮನೆ, 4-2ಕ್ಕೆ 4ನೇ ಮನೆ, 5-3ಕ್ಕೆ 3ನೇ ಮನೆ. ಈ ಮೂರಕ್ಕೂ 8ರಿಂದ ಒಂದು, 6ರಿಂದ ಒಂದು ಕಾಯಿ. 6-1 ಬಿದ್ದರೆ 13ರಿಂದ ಒಂದು, 8ರಿಂದ ಒಂದು ತಂದು 7ನೇ ಮನೆ ಕಟ್ಟಿ. 6-5 ಬಿದ್ದರೆ 24ರ ಒಂದು ಕಾಯಿ ಓಡಿ 13ನ್ನು ಸೇರಲಿ.

ಉಳಿದ ಹತ್ತಕ್ಕೆ ಸದ್ಯ ಒಂದೇ ಸೂತ್ರ ಸಾಕು: 24ರಿಂದ ಒಂದು ಕಾಯಿ, 13ರಿಂದ ಒಂದು ಕಾಯಿ. ಆರು ಬಿದ್ದಿದ್ದರೆ ಅದನ್ನು 24ರ ಕಾಯಿಗೆ ಕೊಡಿ, ಐದನ್ನು 13ರ ಕಾಯಿಗೆ ಕೊಡಿ, ಒಂದನ್ನು 24ರ ಕಾಯಿಗೆ ಕೊಡಿ. 24ರಿಂದ ಐದು ಆಡಲು ಬರುವುದೇ ಇಲ್ಲ. 19ರಲ್ಲಿ ಎದುರಾಳಿಯ ಐದು ಕಾಯಿ ಕುಳಿತಿವೆ. ಕೆಲವು ಗರಗಳಿಗೆ ಇದಕ್ಕೆ ಸರಿಸಾಟಿಯಾದ ಬೇರೆ ನಡೆಗಳಿವೆ. ಅವುಗಳ ವಾದಕ್ಕೆ ಈಗ ಹೋಗಬೇಡಿ.

ನನ್ನ ಮೊದಲ ಪೆಟ್ಟು ಇಲ್ಲೇ ಬಿತ್ತು. 5-3 ಬಿದ್ದಾಗ 13ರ ಒಂದು ಕಾಯಿಯನ್ನು ಎಂಟು ಮನೆ ಓಡಿಸಿ 5ರಲ್ಲಿ ಒಂಟಿಯಾಗಿ ನಿಲ್ಲಿಸಿದೆ. “ಒಳ್ಳೆಯ ಮನೆ ಹಿಡಿದೆ” ಎಂಬ ಹೆಮ್ಮೆ. ಮಾಮ ಕೇಳಿದರು, “ಎಷ್ಟು ಗರ?” ನನ್ನ 1ನೇ ಮನೆಯಲ್ಲಿ ಅವರ ಎರಡು ಕಾಯಿ, ಅಲ್ಲಿಂದ 5ಕ್ಕೆ ನಾಲ್ಕು ಮನೆ: ಹದಿನೈದು ಗರ. 3ನೇ ಮನೆಯನ್ನು ಗಟ್ಟಿ ಮಾಡಿದ್ದರೆ? ಹಾಸಿನಲ್ಲಿ ಒಂಟಿಯೇ ಇರುತ್ತಿರಲಿಲ್ಲ, ಸೊನ್ನೆ. ಮಾಮ ಬೇರೇನೂ ಹೇಳಲಿಲ್ಲ. ಕಾಯಿಗಳನ್ನು ಮೊದಲಿನಂತೆ ಜೋಡಿಸುವ ಕೆಲಸವನ್ನು ನನ್ನ ಕಡೆ ತಳ್ಳಿದರು.

ಹಂತ 5: ಬಾಯಿಬಿಟ್ಟು ಆಡುವುದು

ಈ ಬರಹದ ನಡುಮನೆ ಇದು. ಕ್ರಮ ತಪ್ಪಿಸಬೇಡಿ.

1. ಗರ ಹಾಕಿ. ಎರಡೂ ಕೈ ತೊಡೆಯ ಮೇಲೆ. ಕಾಯಿ ಮುಟ್ಟಿದ ಕೈ ಯೋಚಿಸುವುದನ್ನು ಬಿಟ್ಟುಬಿಡುತ್ತದೆ.

2. ಕನಿಷ್ಠ ಎರಡು ನಡೆಗಳನ್ನು ಜೋರಾಗಿ ಹೇಳಿ. “13ರಿಂದ 7, ಇಲ್ಲವೇ 24ರಿಂದ 18.” ಒಂದೇ ನಡೆ ಕಂಡರೆ ನೀವು ಇನ್ನೂ ಹಾಸನ್ನು ನೋಡಿಲ್ಲ ಎಂದರ್ಥ.

3. ಒಂದನ್ನು ಆರಿಸಿ, ಒಂದು ವಾಕ್ಯದಲ್ಲಿ ಕಾರಣ ಹೇಳಿ. ಕಾರಣದಲ್ಲಿ ಅಂಕಿ ಅಥವಾ ಉದ್ದೇಶ ಇರಬೇಕು. “ಇದು ಚೆನ್ನಾಗಿ ಕಾಣುತ್ತದೆ” ಎಂಬುದು ಕಾರಣವಾಗುವುದಿಲ್ಲ.

4. ಈಗ ಹಿರಿಯರ ಸರದಿ. ಅವರು ಮೊದಲು “ಹೌದು” ಅಥವಾ “ಇನ್ನೊಮ್ಮೆ ನೋಡು” ಎನ್ನುವುದನ್ನು ಬಿಟ್ಟು ಬೇರೇನೂ ಹೇಳಬಾರದು.

5. ಇನ್ನೊಮ್ಮೆ ನೋಡಿದ ಮೇಲೂ ಸಿಗದಿದ್ದರೆ ಅವರು ತಮ್ಮ ನಡೆಯನ್ನು ಆಡಿ ತೋರಿಸಲಿ. ಕಾರಣವನ್ನು ಅವರು ಹೇಳುವ ಮೊದಲು ನೀವು ಊಹಿಸಿ.

ನಾಲ್ಕನೆಯದು ಹಿರಿಯರಿಗೆ ಬಹಳ ಕಷ್ಟ. ತಪ್ಪು ಕಂಡ ಕ್ಷಣವೇ ಅವರ ಕೈ ಕಾಯಿಯ ಕಡೆ ಧಾವಿಸುತ್ತದೆ. ಮಾಮನ ಕೈಯಲ್ಲಿ ಚಹಾದ ಲೋಟ ಕೊಟ್ಟು ಕೂರಿಸುವ ಉಪಾಯವನ್ನು ಅವರ ಮನೆಯವರೇ ಹೇಳಿಕೊಟ್ಟರು. ಬಿಸಿ ಲೋಟ ಹಿಡಿದವರು ಕಾಯಿ ಮುಟ್ಟುವುದಿಲ್ಲ.

ಒಂದು ಸಂಜೆಯ ಘಟನೆ ಹೇಳುತ್ತೇನೆ. ಕಾಯಿಯೊಂದನ್ನು ಒಂಟಿಯಾಗಿ ಬಿಡಲೇಬೇಕಿತ್ತು. ಮಾಮನ ಕಾಯಿಯಿಂದ ಆರು ಮನೆ ದೂರದಲ್ಲಿ ನಿಲ್ಲಿಸಬಹುದಿತ್ತು, ಏಳರಲ್ಲಿಯೂ ನಿಲ್ಲಿಸಬಹುದಿತ್ತು. ಆರರಲ್ಲಿ ನಿಂತರೆ ಮುಂದಿನ ಗರಕ್ಕೆ ಮನೆ ಕಟ್ಟಲು ಅನುಕೂಲ ಎಂದು ಹೇಳಿ ಅಲ್ಲಿಯೇ ಇಟ್ಟೆ. ಮಾಮನಿಗೆ 4-3 ಬಿತ್ತು, ಪೆಟ್ಟು ತಪ್ಪಿತು. ನಾನು ಬೀಗಿದೆ. ಮಾಮ ಆಟ ನಿಲ್ಲಿಸಿ, ಆರು ಮನೆಗೆ ಪೆಟ್ಟು ಕೊಡುವ ಹದಿನೇಳು ಗರಗಳನ್ನು ನನ್ನಿಂದಲೇ ಹೇಳಿಸಿದರು: ಆರು ಇರುವ ಹನ್ನೊಂದು, 5-1ರ ಎರಡು, 4-2ರ ಎರಡು, 3-3, 2-2. ಆಮೇಲೆ ಏಳರದು: 6-1, 5-2, 4-3, ತಲಾ ಎರಡು, ಒಟ್ಟು ಆರು. “ಹನ್ನೊಂದು ಗರ ಪುಕ್ಕಟೆ ಕೊಟ್ಟೆ ಮಾರಾಯ, ನಾನು ತೆಗೆದುಕೊಳ್ಳಲಿಲ್ಲ. ಅದಕ್ಕೆ ನಗುವುದೆ?” ಎಂದರು.

ಮುಂದಿನ ವಾರ ಅಂಥದೇ ಸನ್ನಿವೇಶ. ಈ ಸಲ ಜಾಣನಾಗಿ ಏಳರಲ್ಲಿ ನಿಲ್ಲಿಸಿದೆ. ಮಾಮ 6-1 ಹಾಕಿ ಕಡಿದರು. ನಾನು ಮುಖ ಊದಿಸಿಕೊಂಡು ಶಕುನಿಯೂ ಮಾವನೇ ಅಲ್ಲವೇ ಎಂದುಬಿಟ್ಟೆ. ಅವರು ಜೋರಾಗಿ ನಕ್ಕು, ನೋಟ್‌ಬುಕ್ಕಿನಲ್ಲಿ ಆ ನಡೆಯ ಪಕ್ಕ ‘ಸರಿ’ ಎಂದು ಬರೆಸಿದರು. ಕಾಯಿ ಸತ್ತ ನಡೆಗೆ ‘ಸರಿ’, ಬದುಕಿದ ನಡೆಗೆ ‘ತಪ್ಪು’. ಈ ಎರಡು ಪುಟಗಳನ್ನು ಅಕ್ಕಪಕ್ಕ ನೋಡಿದ ದಿನವೇ ನನ್ನ ತಲೆಯಲ್ಲಿ ಆಟ ಮತ್ತು ಅದೃಷ್ಟ ಬೇರೆಬೇರೆ ಆದದ್ದು.

ಹಂತ 6: ನಡೆಗೆ ಮುನ್ನ ಮೂರು ಪ್ರಶ್ನೆ

ಬಾಯಿಬಿಟ್ಟು ಆಡಲು ಶುರುಮಾಡಿದ ಮೇಲೆ ಕಾರಣಗಳು ಸಾಲದೆ ಬರುತ್ತವೆ. ಆಗ ಈ ಮೂರು ಪ್ರಶ್ನೆಗಳನ್ನು ಹಾಸಿನ ಅಂಚಿಗೆ ಅಂಟಿಸಿಕೊಳ್ಳಿ.

ಓಟದಲ್ಲಿ ಯಾರು ಮುಂದೆ? ಮುಂದಿದ್ದವರು ಜಗಳ ಬಿಡಿಸಿಕೊಂಡು ಮನೆಗೆ ಓಡಬೇಕು. ಹಿಂದಿದ್ದವರು ಲಂಗರು ಹಾಕಿ ಕಾಯಬೇಕು. ಹೊಸಬರು ಹಿಂದಿದ್ದಾಗ ಗಾಬರಿಯಿಂದ ಓಡುತ್ತಾರೆ, ಸೋಲು ಇನ್ನೂ ಬೇಗ ಬರುತ್ತದೆ.

ಯಾರ ಒಳಂಗಳ ಗಟ್ಟಿ? ನಿಮ್ಮದು ಗಟ್ಟಿಯಿದ್ದರೆ ಕಡಿಯಲು ಧೈರ್ಯ ಮಾಡಿ, ಗಾಳಿ ಬಂದಾಗ ತೂರಿಕೊಳ್ಳಿ. ಎದುರಾಳಿಯದು ಗಟ್ಟಿಯಿದ್ದಾಗ ನಿಮ್ಮ ಒಂದು ಒಂಟಿಯೂ ದುಬಾರಿ, ಏಕೆಂದರೆ ಬಾರ್‌ನಿಂದ ಒಳಗೆ ಬರುವುದೇ ಕಷ್ಟ.

ಹಿಂದೆ ಉಳಿದ ಕಾಯಿಗಳು ಯಾರವು, ಎಷ್ಟು? ಇದನ್ನು ಮರೆತು ಮುಂದಿನ ಕಾಯಿಗಳೊಂದಿಗೆ ಆಡುತ್ತಾ ಕುಳಿತರೆ ಹಿಂದಿನವುಗಳ ಎದುರು ಗೋಡೆ ಏಳುತ್ತದೆ. ಆರು ಮನೆಯ ಗೋಡೆಯನ್ನು ಯಾವ ಗರವೂ ದಾಟಿಸದು. ಐದು ಮನೆಯ ಗೋಡೆಯಲ್ಲಿ ಒಂದು ಸೂಕ್ಷ್ಮ ಇದೆ. ಗೋಡೆಯ ಬುಡಕ್ಕೇ ಅಂಟಿ ನಿಂತ ಕಾಯಿಗೆ ಆರು ಬಿದ್ದರೆ ಸಾಕು, 36ಕ್ಕೆ 11 ಗರ. ಬುಡದಿಂದ ಒಂದೇ ಮನೆ ಹಿಂದಿದ್ದರೆ ಒಂದು ಆಡಿ ಬುಡಕ್ಕೆ ಬಂದು ಆಮೇಲೆ ಆರು ಹಾರಬೇಕು. 6-1 ಮಾತ್ರ, ಎರಡೇ ಗರ. “ಗೋಡೆ ಹಾರುವವನು ಮೊದಲು ಗೋಡೆಗೆ ಒರಗಿ ನಿಲ್ಲಬೇಕು” ಎಂಬುದು ಮಾಮನ ಮಾತು. ಹಾಸಿನ ಮೇಲೆ ಈ ಎರಡು ಸ್ಥಿತಿಗಳನ್ನು ಜೋಡಿಸಿ, ತಲಾ ಇಪ್ಪತ್ತು ಗರ ಹಾಕಿ ನೋಡಿ. ಕಿವಿಯಲ್ಲಿ ಕೇಳಿದ್ದು ಕೈಗೆ ಬರುತ್ತದೆ.

ಇದೇ ಹಂತದಲ್ಲಿ ಕಾಣುವ ಇನ್ನೆರಡು ತಪ್ಪುಗಳು: 6 ಮತ್ತು 8ರ ಮೇಲೆ ಕಾಯಿಗಳನ್ನು ಇಡ್ಲಿ ತಟ್ಟೆಯಂತೆ ಪೇರಿಸುವುದು, ಆಟದ ನಡುವೆಯೇ ಕಾಯಿಗಳನ್ನು 1, 2ನೇ ಮನೆಗಳಲ್ಲಿ ಹೂತುಬಿಡುವುದು. ಹೂತ ಕಾಯಿ ಮತ್ತೆ ಯಾವ ಗೋಡೆಗೂ ಇಟ್ಟಿಗೆಯಾಗುವುದಿಲ್ಲ.

ಹಂತ 7: ತಪ್ಪಿನ ಪುಸ್ತಕ

ಕೂಟಕ್ಕೆ ಮೂರೇ ಸನ್ನಿವೇಶ. ಪ್ರತಿಯೊಂದಕ್ಕೂ ಫೋಟೊ, ಬಿದ್ದ ಗರ, ನನ್ನ ನಡೆ, ಹಿರಿಯರ ನಡೆ, ಒಂದು ಸಾಲಿನ ಕಾರಣ. ಗೆದ್ದೆವೋ ಸೋತೆವೋ ಎಂಬ ಅಂಕಣ ಬೇಡ. ಅದು ಇದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಎರಡು ವಾರದ ನಂತರ ಉತ್ತರ ಮುಚ್ಚಿ ಅದೇ ಸನ್ನಿವೇಶವನ್ನು ಮತ್ತೆ ಆಡಿ. ತಪ್ಪಿದರೆ ಪುಟದ ಮೂಲೆ ಮಡಿಸಿ, ಮುಂದಿನ ಕೂಟದಲ್ಲಿ ಕೇಳಿ. ಮೂರರ ಬದಲು ಹತ್ತು ಬರೆದುಕೊಂಡವರು ಒಂದನ್ನೂ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಹಂತ 8: ಹೆಜ್ಜೆಯ ಎಣಿಕೆ

ಎಲ್ಲ ಕಾಯಿಗಳೂ ಹಣ್ಣಾಗಲು ಒಟ್ಟು ಎಷ್ಟು ಮನೆ ನಡೆಯಬೇಕು ಎಂಬುದೇ ಹೆಜ್ಜೆ. ಆರಂಭದಲ್ಲಿ ಇಬ್ಬರಿಗೂ 167. ಒಂದು ಗರಕ್ಕೆ ಸರಾಸರಿ ಎಂಟು ಹೆಜ್ಜೆ, ಅದಕ್ಕಿಂತ ಒಂದು ಎಳೆ ಹೆಚ್ಚು. ಎಣಿಸುವುದು ಗುಣಾಕಾರ: 13ರಲ್ಲಿ ಮೂರು ಕಾಯಿ ಎಂದರೆ 39. ಮೊದಮೊದಲು ಒಂದು ನಿಮಿಷ ಹಿಡಿಯುತ್ತದೆ, ಹಿರಿಯರು ಆಕಳಿಸುತ್ತಾರೆ, ಪರವಾಗಿಲ್ಲ. ಇಬ್ಬರ ಕಾಯಿಗಳೂ ತಮ್ಮತಮ್ಮ ಕಡೆಯಿಂದ ಒಂದೇ ಸಂಖ್ಯೆಯ ಮನೆಯಲ್ಲಿದ್ದರೆ ಅವನ್ನು ಪರಸ್ಪರ ವಜಾ ಮಾಡಿ ಉಳಿದವನ್ನು ಮಾತ್ರ ಎಣಿಸಿದರೆ ಯಾರು ಎಷ್ಟು ಮುಂದೆ ಎಂಬುದು ಬೇಗ ಸಿಗುತ್ತದೆ.

ಹಂತ 9: ಪಣ ಏರಿಸುವ ದಾಳ

ಇದನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಹಿಂದಿನ ಎಂಟು ಹಂತ ಇಲ್ಲದೆ ಇದು ಬರೀ ಹುಂಬತನ. ದುಡ್ಡಿಲ್ಲದೆ, ಪಾಯಿಂಟಿಗೆ ಆಡಿದರೂ ಇದರ ಪೂರ್ತಿ ರುಚಿ ಸಿಗುತ್ತದೆ.

ಎದುರಾಳಿ ತನ್ನ ಗರ ಹಾಕುವ ಮೊದಲು ಪಣ ಇಮ್ಮಡಿ ಮಾಡಿದರೆ ಒಪ್ಪಬೇಕೆ, ಆಟ ಬಿಟ್ಟುಕೊಡಬೇಕೆ? ನಾಲ್ಕು ಆಟಗಳ ಲೆಕ್ಕ ಹಾಕಿ. ನಾಲ್ಕನ್ನೂ ಬಿಟ್ಟುಕೊಟ್ಟರೆ ನಷ್ಟ ನಾಲ್ಕು ಪಾಯಿಂಟ್. ನಾಲ್ಕನ್ನೂ ಒಪ್ಪಿ ಮೂರು ಸೋತು ಒಂದು ಗೆದ್ದರೆ ಆರು ಹೋಗಿ ಎರಡು ಬಂತು. ನಷ್ಟ ಅದೇ ನಾಲ್ಕು. ಹೀಗಾಗಿ ನಾಲ್ಕರಲ್ಲಿ ಒಂದನ್ನು ಗೆಲ್ಲುವಷ್ಟು ಅವಕಾಶ ಇದ್ದರೆ ಒಪ್ಪಬಹುದು. ಗ್ಯಾಮನ್ ಸೋಲುವ, ಅಂದರೆ ಒಂದೂ ಕಾಯಿ ಹಣ್ಣಾಗದೆ ಇಮ್ಮಡಿ ಕಳೆದುಕೊಳ್ಳುವ ಭಯವಿದ್ದರೆ ಅಷ್ಟು ಸಾಲದು. ಸೋಲುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಬಿಟ್ಟುಕೊಡುವುದು ಹೊಸಬರ ಸಾಮಾನ್ಯ ತಪ್ಪು.

ಬರೀ ಓಟ ಉಳಿದಾಗ ಒಂದು ಕೈಮಾಪು ಇದೆ. ಗರ ಹಾಕಬೇಕಾದವರ ಹೆಜ್ಜೆ 100 ಇದ್ದು ಎದುರಾಳಿಯದು 108 ಆಗಿದ್ದರೆ ಇಮ್ಮಡಿ ಮಾಡಬಹುದು. ಈಗಾಗಲೇ ತಮ್ಮ ಕಡೆ ಇರುವ ದಾಳವನ್ನು ಮತ್ತೆ ಏರಿಸಲು 109 ಬೇಕು. ಎದುರಾಳಿ 112ರವರೆಗೆ ಒಪ್ಪಬಹುದು, ಅದಕ್ಕೂ ಹಿಂದಿದ್ದರೆ ಬಿಡಬೇಕು. ಹೆಜ್ಜೆ ನೂರಲ್ಲದಿದ್ದರೆ ಶೇಕಡಾ 8, 9, 12 ಎಂದು ಲೆಕ್ಕ ಹಾಕಿ. ಕಾಯಿಗಳು ಇನ್ನೂ ಒಂದಕ್ಕೊಂದು ಎದುರಾಗುವಂತಿದ್ದರೆ ಈ ಮಾಪು ನಡೆಯುವುದಿಲ್ಲ. ತವ್ಲಾ ಕಲಿತ ಹಿರಿಯರಿಗೆ ಈ ಹಂತ ನಿಮ್ಮಷ್ಟೇ ಹೊಸದಾಗಿರಬಹುದು. ಇಬ್ಬರೂ ಕೂಡಿ ಕಲಿಯಿರಿ, ನಾವು ಹಾಗೆಯೇ ಮಾಡಿದೆವು.

ಹಂತ 10: ಕಂಪ್ಯೂಟರನ್ನು ಸಾಕ್ಷಿಯಾಗಿ ಕರೆಯುವುದು

ಗ್ನೂ ಬ್ಯಾಕ್‌ಗ್ಯಾಮನ್ ಎಂಬ ತಂತ್ರಾಂಶ ಉಚಿತ. ಸನ್ನಿವೇಶವನ್ನು ಜೋಡಿಸಿ ಗರ ಕೊಟ್ಟರೆ ನಡೆಗಳನ್ನು ಒಳ್ಳೆಯದರಿಂದ ಕೆಟ್ಟದಕ್ಕೆ ಸಾಲಾಗಿ ನಿಲ್ಲಿಸುತ್ತದೆ. ಎರಡು ತಿಂಗಳಾದ ಮೇಲೆ ಇದನ್ನು ಬಳಸಿ, ಮೊದಲೇ ಬಳಸಿದರೆ ಯೋಚಿಸುವ ಕೆಲಸವನ್ನು ಅದಕ್ಕೇ ಒಪ್ಪಿಸಿಬಿಡುತ್ತೀರಿ. ಎರಡು ನಡೆಗಳ ಅಂತರ ಪಾಯಿಂಟಿನ ನೂರನೇ ಒಂದು ಭಾಗದಷ್ಟಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಹತ್ತನೇ ಒಂದು ಭಾಗವಿದ್ದರೆ ಕುಳಿತು ನೋಡಿ.

ಕಂಪ್ಯೂಟರ್ ಹಿರಿಯರ ಮಾತಿಗೆ ಎದುರು ನಿಂತಾಗ ಮಾತಿನ ಧಾಟಿಯಲ್ಲಿ ಎಚ್ಚರ ಇರಲಿ. ಮೊಬೈಲನ್ನು ಮುಖಕ್ಕೆ ಹಿಡಿದು “ನಿಮ್ಮದು ತಪ್ಪಂತೆ” ಎಂದವರ ಮನೆಯಲ್ಲಿ ಕಲಿಕೆ ಅಂದೇ ಮುಗಿದಿದೆ. “ಮಾಮ, ಇದು ಹೀಗೆ ಹೇಳುತ್ತಿದೆ, ಏಕಿರಬಹುದು?” ಎಂದು ಕೇಳಿ. ಮೊದಲ ಸಲ ಮಾಮ “ಅದಕ್ಕೇನು ಗೊತ್ತು” ಎಂದು ಗೊಣಗಿದರು. ಮರುದಿನ ಬೆಳಗ್ಗೆ ಏಳಕ್ಕೆ ಫೋನ್ ಮಾಡಿ, “ರಾತ್ರಿ ಜೋಡಿಸಿ ನೋಡಿದೆ. ಅದು ಹೇಳಿದ್ದೇ ಸರಿ. ನಾನು ಹಿಂದಿನ ಕಾಯಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ” ಎಂದರು.

ಎಚ್ಚರಿಕೆಯ ಗುರುತುಗಳು

ಕೂಟ ಮುಗಿದ ಮೇಲೆ ನಿಮಗೆ ದಾಳದ ಬಗ್ಗೆ ಮಾತ್ರ ಹೇಳಲು ಇದ್ದರೆ ಅಂದು ಏನೂ ಕಲಿತಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕಾದಂತೆ, ಎಣಿಸದವರಿಗೆ ದಾಳ ಡೊಂಕು.

ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೀರಿ, ವಾರದ ನಂತರ ಅದೇ ತಪ್ಪು ಮತ್ತೆ ಬರುತ್ತಿದೆ: ಹಂತ 5ರಲ್ಲಿ ಕಾರಣ ಹೇಳುವುದನ್ನು ಬಿಟ್ಟಿದ್ದೀರಿ. ಅಲ್ಲಿಗೇ ಹಿಂತಿರುಗಿ.

ಹಿರಿಯರು ನಿಮ್ಮ ಕಾಯಿಗಳನ್ನೂ ತಾವೇ ಆಡುತ್ತಿದ್ದಾರೆ: ಚಹಾದ ಲೋಟ.

ಒಂದೂವರೆ ಗಂಟೆ ಮೂರು ಗಂಟೆಯಾಗಿದೆ, ಮಾತು ನಿಂತು ಬರೀ ದಾಳದ ಸದ್ದು ಕೇಳುತ್ತಿದೆ: ಎದ್ದುಬಿಡಿ. ದಣಿದ ಮೇಲೆ ಆಡಿದ ಆಟಗಳಲ್ಲಿ ಹಳೆಯ ಚಟಗಳೇ ಗಟ್ಟಿಯಾಗುತ್ತವೆ. ಕೊನೆಯ ಲೋಕಲ್ ಹಿಡಿಯಲು ಓಡುವ ಅವಸರದಲ್ಲಿ ನಾನು ಆಡಿದ ‘ಒಂದೇ ಒಂದು’ ಆಟಗಳ ಪುಟಗಳೆಲ್ಲ ನೋಟ್‌ಬುಕ್ಕಿನಲ್ಲಿ ಮೂಲೆ ಮಡಿಸಿಕೊಂಡೇ ಇವೆ.